ಮಿರಗ ಕೂಡೋ ಮೊದಲೇ ಹುಳದ ಔಷಧ: ಕುರಿಗೆ ಲೆಕ್ಕ ಇದೆ, ಕುರಿಗಾರನ ಕುದುರೆಗೆ?

ಹಾವೇರಿ: ರೋಹಿಣಿ ಮಳೆ ಮುಗಿದು ಮಿರಗ ಕೂಡೋ ಹೊತ್ತಿಗೆ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ದನದ ದವಾಖಾನೆ ಮುಂದೆ ಜಂತುಹುಳು ಔಷಧ ಕೇಳೋರು ಜಾಸ್ತಿ ಆಗ್ತಾರೆ. ಕುರಿ, ಆಡು, ಎಮ್ಮೆ, ಆಕಳು, ದೀಪಾವಳಿಗೆ ತಯಾರಾಗಬೇಕಾದ ಹೋರಿ, ಎಲ್ಲದಕ್ಕೂ ಔಷಧ ಬೇಕು. ಆದರೆ ಕುದುರೆ ಹಗ್ಗ ಹಿಡಿದು ಬಂದು ನಿಂತವರು ಕಾಣೋದು ಅಪರೂಪ. ಹಾಗಂತ ಈ ಭಾಗದಲ್ಲಿ ಕುದುರೆ ಇಲ್ಲ ಅಂತಲ್ಲ. ಕುರಿ ಹಿಂಡು ಎಲ್ಲಿದೆಯೋ ಅಲ್ಲಿ ಹಿಂದೆ ಒಂದೋ ಎರಡೋ ತಟ್ಟು ಇದ್ದೇ ಇರುತ್ತೆ. ಬೆನ್ನ ಮೇಲೆ ಕಂಬಳಿ, ಬಲೆ, ಪಾತ್ರೆ, ಜೋಳದ ಹಿಟ್ಟಿನ ಚೀಲ, ಆ ಕಡೆ ಈ ಕಡೆ ಜೋಳಿಗೆಯಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಮರಿ. ಒಮ್ಮೊಮ್ಮೆ ಎಲ್ಲದರ ಮೇಲೆ ಕೂತ ಸಣ್ಣ ಹುಡುಗ.

ಈ ಕುದುರೆಗೆ ಹುಳದ ಔಷಧ ಯಾವಾಗ ಹಾಕಬೇಕು, ಎಷ್ಟು ಹಾಕಬೇಕು ಅನ್ನೋದು ಸಣ್ಣ ಪ್ರಶ್ನೆ ಅನ್ನಿಸಬಹುದು. ಕುರಿಗಾರರ ಕುಟುಂಬಕ್ಕೆ ಸಣ್ಣದಲ್ಲ. ಹಿಂಡಿನಲ್ಲಿ ಹತ್ತು ಕುರಿ ಸೊರಗಿದರೂ ಹಿಂಡು ನಡೆಯುತ್ತೆ. ಕುದುರೆ ಹೊಟ್ಟೆಶೂಲೆ ಬಂದು ಬಿದ್ದರೆ ಇಡೀ ಮನೆಯೇ ಹೊಲದ ಬದುವಿನಲ್ಲಿ ನಿಂತು ಹೋಗುತ್ತೆ. ಮರಿಗಳನ್ನ ಹೊರೋರು ಯಾರು, ಅಡುಗೆ ಸಾಮಾನು ಮುಂದಿನ ಊರಿಗೆ ಸಾಗಿಸೋದು ಹೇಗೆ? ಬಾಡಿಗೆ ಗಾಡಿ ಹಿಡಿದರೆ ಆ ವಾರ ಕುರಿ ತರುಬಿ ಬಂದ ದುಡ್ಡೆಲ್ಲ ಅದಕ್ಕೇ ಹೋಗುತ್ತೆ.

ಲೆಕ್ಕಪತ್ರದಲ್ಲೂ ಕುದುರೆ ಕೊನೆಗೇ. 2019ರ 20ನೇ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಕುರಿ ಸಂಖ್ಯೆ ಸುಮಾರು 1.11 ಕೋಟಿ, ಅದರ ಹಿಂದಿನ ಗಣತಿಗಿಂತ ಶೇ. 15ರಷ್ಟು ಏರಿಕೆ. ಅದೇ ಗಣತಿಯಲ್ಲಿ ಇಡೀ ದೇಶದ ಕುದುರೆ, ತಟ್ಟು ಎಲ್ಲ ಸೇರಿ 3.4 ಲಕ್ಷ ಮಾತ್ರ. 2012ಕ್ಕೆ ಹೋಲಿಸಿದರೆ ಶೇ. 45ಕ್ಕೂ ಹೆಚ್ಚು ಕುಸಿತ. ಟಾಂಗಾ ಹೋಯಿತು, ಜಟಕಾ ಹೋಯಿತು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ ಕುದುರೆ ಅಂದರೆ ದರ್ಬಾರಿನ ಮಾತು. ಈಗ ಅದೇ ಸವಣೂರಿನ ರಸ್ತೆಯಲ್ಲಿ ಕುದುರೆ ಕಂಡರೆ ಒಂದೋ ಮದುವೆ ಮೆರವಣಿಗೆ, ಇಲ್ಲಾ ಕುರಿ ಹಿಂಡು. ಸಂಖ್ಯೆ ಕಡಿಮೆ ಆದಷ್ಟೂ ಅದರ ಬಗ್ಗೆ ಗೊತ್ತಿರೋರೂ ಕಡಿಮೆ ಆಗ್ತಾರೆ, ಔಷಧ ಅಂಗಡಿಯಲ್ಲಿ ಅದರ ಸರಕೂ ಕಡಿಮೆ ಆಗುತ್ತೆ.

ಸರ್ಕಾರದ ದೊಡ್ಡ ಕಾರ್ಯಕ್ರಮದಲ್ಲೂ ಹೀಗೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆಯ ಸುತ್ತು ಬರುತ್ತೆ. ಪಶುವೈದ್ಯರು, ಸಿಬ್ಬಂದಿ ಮನೆ ಬಾಗಿಲಿಗೇ ಬರ್ತಾರೆ. ಹುಳದ ಔಷಧದ ಮಾತೂ ಆವಾಗಲೇ ಬರೋದು. ಕುದುರೆಗೆ ಕಾಲುಬಾಯಿ ರೋಗ ಬರೋದಿಲ್ಲ. ಹಾಗಾಗಿ ಆ ಪಟ್ಟಿಯಲ್ಲಿ ಅದಿಲ್ಲ. ಇದು ಯಾರ ತಪ್ಪೂ ಅಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದ್ದು ಕಣ್ಣಿಗೂ ಬೀಳೋದಿಲ್ಲ.

ಡಬ್ಬಿ ಮೇಲಿನ ತಿಂಗಳು ನಮ್ಮದಲ್ಲ

ಕುದುರೆ ಹುಳದ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಸಿಗೋದೆಲ್ಲ ಇಂಗ್ಲೆಂಡು, ಅಮೆರಿಕದ ಕ್ಯಾಲೆಂಡರು. ವಸಂತದಲ್ಲಿ ಒಂದು ಸಲ, ಹಿಮ ಬಿದ್ದ ಮೇಲೆ ಇನ್ನೊಂದು ಸಲ ಹಾಕಿ ಅಂತ. ಹಾನಗಲ್ಲಿನಲ್ಲಿ ಹಿಮ ಎಲ್ಲಿಂದ ತರೋದು? ಅಲ್ಲಿ ಹುಳದ ಮರಿಗಳ ಆಟಕ್ಕೆ ತಡೆ ಹಾಕೋದು ಚಳಿ. ಇಲ್ಲಿ ತಡೆ ಹಾಕೋದು ಬಿಸಿಲು. ಹಾಗಾಗಿ ಅವರ ತಿಂಗಳನ್ನ ಇಲ್ಲಿಗೆ ತಂದರೆ ಔಷಧ ಖರ್ಚಾಗುತ್ತೆ, ಹುಳು ಹಾಗೇ ಉಳಿಯುತ್ತೆ.

ಒಳಗೆ ನಡೆಯೋದು ಇಷ್ಟು. ಕುದುರೆ ಕರುಳಿನಲ್ಲಿರೋ ಕೆಂಪುಹುಳುಗಳು ಮೊಟ್ಟೆ ಇಡುತ್ತವೆ, ಮೊಟ್ಟೆ ಲದ್ದಿಯ ಜೊತೆ ಹೊರಗೆ ಬೀಳುತ್ತೆ. ಬೆಚ್ಚಗಿನ ತೇವ ಸಿಕ್ಕರೆ ಒಂದು ವಾರದ ಆಸುಪಾಸಿನಲ್ಲಿ ಮೊಟ್ಟೆ ಒಡೆದು ಮರಿಹುಳು ಬೆಳೆದು, ಹುಲ್ಲಿನ ಎಸಳು ಹತ್ತಿ ಕೂರುತ್ತೆ. ಆ ಹುಲ್ಲನ್ನ ಕುದುರೆ ಮೇಯ್ದರೆ ಮತ್ತೆ ಒಳಗೆ. ಏಪ್ರಿಲ್, ಮೇ ಬಿಸಿಲಿಗೆ ಬಯಲಲ್ಲಿ ಬಿದ್ದ ಮರಿಹುಳು ಹೆಚ್ಚು ದಿನ ಬದುಕೋದಿಲ್ಲ. ಲದ್ದಿ ಉಂಡೆಯ ಒಳಗೆ ಒಂದಷ್ಟು ಉಳಿದುಕೊಂಡು ಮೊದಲ ಮಳೆಗೆ ಕಾಯಬಹುದು ಅಷ್ಟೇ. ಅಂದರೆ ಬೇಸಿಗೆ ಕೊನೆಗೆ ಹುಲ್ಲುಗಾವಲು ಬಹುಪಾಲು ಸ್ವಚ್ಛ, ಹುಳು ಉಳಿದಿರೋದು ಪ್ರಾಣಿಯ ಹೊಟ್ಟೆಯಲ್ಲಿ.

ಮಿರಗಕ್ಕೆ ಮೊದಲು ಔಷಧ ಹಾಕೋದಕ್ಕೆ ಇದೇ ಕಾರಣ. ಮಿರಗ ಕೂಡೋದು ಜೂನ್ 8ರ ಸುಮಾರಿಗೆ. ಅದಕ್ಕೆ ಹತ್ತು ಹದಿನೈದು ದಿನ ಮೊದಲು, ರೋಹಿಣಿಯಲ್ಲೇ, ಹೊಟ್ಟೆಯಲ್ಲಿದ್ದ ಹುಳು ತೆಗೆದರೆ ಮಳೆ ಬಿದ್ದ ಮೇಲೆ ಹೊಸ ಹುಲ್ಲಿನ ಮೇಲೆ ಬೀಳೋ ಮೊಟ್ಟೆಯೇ ಕಡಿಮೆ. ಆರಿದ್ರಾ, ಪುನರ್ವಸುವಿನಲ್ಲಿ ಹುಲ್ಲು ಮೊಳಕಾಲುದ್ದ ಬೆಳೆದ ಮೇಲೆ, ಪ್ರಾಣಿ ತೆಳ್ಳಗಾದದ್ದು ನೋಡಿ ಓಡಿ ಬಂದು ಔಷಧ ಹಾಕಿದರೆ ಅವತ್ತಿನ ಹುಳು ಸಾಯುತ್ತೆ, ಮರುದಿನದ ಹುಲ್ಲಿನಿಂದ ಹೊಸದು ಬರುತ್ತೆ. ತಿಂಗಳಲ್ಲಿ ಮತ್ತೆ ಅದೇ ಕಥೆ.

ಶಿಬಿರದ ದಿನಾಂಕ ನಿಗದಿ ಮಾಡೋರು ಇದನ್ನ ಗಮನಿಸಬೇಕು. ಔಷಧದ ದಾಸ್ತಾನು ಬಂದಾಗ ಶಿಬಿರ, ಅತಿಥಿಗಳು ಬಿಡುವಾದಾಗ ಉದ್ಘಾಟನೆ ಅನ್ನೋ ರೂಢಿಯಲ್ಲಿ ಎರಡು ವಾರ ಆಚೀಚೆ ಆದರೆ ಏನು ಮಹಾ ಅನ್ನಿಸುತ್ತೆ. ಹುಳದ ವಿಷಯದಲ್ಲಿ ಆ ಎರಡು ವಾರವೇ ಮುಖ್ಯ.

ಹಾನಗಲ್ಲಿಗೂ ಸವಣೂರಿಗೂ ಒಂದೇ ತಾರೀಖು ಆಗದು

ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿವೆ, ಮಳೆ ಮಾತ್ರ ಒಂದೇ ಥರ ಇಲ್ಲ. ಹಾನಗಲ್ ಅರೆಮಲೆನಾಡು. ಕೆರೆಗಳ ತಾಲ್ಲೂಕು, ಭತ್ತದ ತಾಲ್ಲೂಕು. ಪಕ್ಕದ ಮುಂಡಗೋಡ ತಾಲ್ಲೂಕಿನ ಧರ್ಮಾ ಜಲಾಶಯದ ಕಾಲುವೆ ನೀರು ಇಲ್ಲಿಗೆ ಹರಿಯುತ್ತೆ. ಮಳೆ ನಿಂತು ತಿಂಗಳಾದರೂ ಗದ್ದೆ ಬದುವಿನಲ್ಲಿ, ಕಾಲುವೆ ದಂಡೆಯಲ್ಲಿ ಹಸಿ ಇರುತ್ತೆ. ಅಂದರೆ ಹುಳದ ಹಂಗಾಮೂ ಉದ್ದ. ಸವಣೂರಿನ ಎರೆಭೂಮಿಯಲ್ಲಿ ಮಳೆ ನಿಂತ ಕೆಲವೇ ವಾರಕ್ಕೆ ಹೊಲ ಬಿರುಕು ಬಿಡುತ್ತೆ, ಹುಲ್ಲು ಒಣಗುತ್ತೆ. ಅಲ್ಲಿ ಹುಳದ ಹಂಗಾಮು ಗಿಡ್ಡ. ವರದಾ ನದಿ ದಂಡೆಯ ಊರುಗಳು, ನೀರಾವರಿ ಎಲೆಬಳ್ಳಿ ತೋಟದ ಸುತ್ತಮುತ್ತ ಇದಕ್ಕೆ ಹೊರತು. ಶಿಗ್ಗಾಂವ ಅರ್ಧ ಇತ್ತ ಅರ್ಧ ಅತ್ತ: ಮುಂಡಗೋಡದ ಕಡೆಯ ಊರುಗಳು ಹಾನಗಲ್ಲಿನ ಹಾಗೆ, ಸವಣೂರು ಕಡೆಯವು ಸವಣೂರಿನ ಹಾಗೆ. ಹಿರೇಕೆರೂರು ಗೋವಿನಜೋಳ, ಹತ್ತಿಯ ಸೀಮೆ. ಆದರೆ ಮದಗ ಮಾಸೂರು ಕೆರೆಯ ಕೆಳಗೆ, ಕುಮುದ್ವತಿ ಹೊಳೆಯ ಪಕ್ಕ ತೇವ ಬಹಳ ದಿನ ನಿಲ್ಲುತ್ತೆ.

ಮಳೆಗಾಲದ ಮುಂಚಿನ ಡೋಸು ನಾಲ್ಕೂ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದರೂ, ಮಳೆ ಕಳೆದ ಮೇಲಿನ ಡೋಸು ಒಂದೇ ದಿನ ಆಗಬಾರದು. ಸವಣೂರು ಕಡೆ ಚಿತ್ತಾ, ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರ್ ಮೊದಲ ಭಾಗದಲ್ಲಿ ಹಾಕಿದರೆ ಸರಿ ಹೋಗಬಹುದು. ಹಾನಗಲ್ಲಿನ ಗದ್ದೆ ಬಯಲಲ್ಲಿ ಆಗ ಇನ್ನೂ ಹಸಿ ಇರುತ್ತೆ. ಅಲ್ಲಿ ಭತ್ತ ಕೊಯ್ದು ನೆಲ ಒಣಗೋವರೆಗೆ ಕಾಯೋದು ಒಳ್ಳೆಯದು. ಹಿಂಗಾರು ಜೋರಾದ ವರ್ಷ ಎಲ್ಲವೂ ಇನ್ನಷ್ಟು ಮುಂದಕ್ಕೆ. ಗೋಡೆ ಮೇಲಿನ ಕ್ಯಾಲೆಂಡರಿಗಿಂತ ಕಾಲ ಕೆಳಗಿನ ಮಣ್ಣು ನೋಡೋದೇ ಸರಿಯಾದ ಲೆಕ್ಕ.

ಮಳೆ ಕಳೆದ ಮೇಲಿನ ಈ ಡೋಸಿಗೆ ಇನ್ನೂ ಎರಡು ಕಾರಣ ಇವೆ. ಒಂದು, ಸಣ್ಣ ಕೆಂಪುಹುಳು ಅನ್ನೋ ಜಾತಿ. ಇದರ ಮರಿಗಳು ಕರುಳಿನ ಗೋಡೆಯೊಳಗೆ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿರುತ್ತವೆ. ಲದ್ದಿ ಪರೀಕ್ಷೆಯಲ್ಲಿ ಇವು ಕಾಣೋದಿಲ್ಲ, ಯಾಕಂದರೆ ಇವಿನ್ನೂ ಮೊಟ್ಟೆ ಇಡೋ ವಯಸ್ಸಿಗೆ ಬಂದಿಲ್ಲ. ಒಟ್ಟಿಗೆ ಎದ್ದು ಗೋಡೆ ಒಡೆದು ಹೊರಬಂದಾಗ ಕುದುರೆಗೆ ಜೋರು ಭೇದಿ, ನಿಶ್ಶಕ್ತಿ, ಸಾವೂ ಆಗಬಹುದು. ಸಾಮಾನ್ಯವಾಗಿ ಬಳಸೋ ಐವರ್‌ಮೆಕ್ಟಿನ್ ಈ ಗೂಡಿನೊಳಗಿನ ಮರಿಗಳನ್ನ ಮುಟ್ಟೋದಿಲ್ಲ, ಮಾಕ್ಸಿಡೆಕ್ಟಿನ್ ಮುಟ್ಟುತ್ತೆ. ಎರಡು, ಹೊಟ್ಟೆನೊಣ. ಜೇನುಹುಳದ ಹಾಗೆ ಕಾಣೋ ಈ ನೊಣ ಕುದುರೆಯ ಮುಂಗಾಲಿನ ಕೂದಲಿಗೆ ಹಳದಿ ಬಣ್ಣದ ಸಣ್ಣ ಮೊಟ್ಟೆ ಅಂಟಿಸುತ್ತೆ. ಕುದುರೆ ಕಾಲು ನೆಕ್ಕಿಕೊಂಡಾಗ ಮರಿ ಬಾಯಿಗೆ, ಅಲ್ಲಿಂದ ಜಠರಕ್ಕೆ ಹೋಗಿ ಎಂಟು ಹತ್ತು ತಿಂಗಳು ಗೋಡೆಗೆ ಕಚ್ಚಿಕೊಂಡಿರುತ್ತೆ. ಇದಕ್ಕೆ ಐವರ್‌ಮೆಕ್ಟಿನ್ ಕೆಲಸ ಮಾಡುತ್ತೆ, ಫೆನ್‌ಬೆಂಡಜೋಲ್ ಮಾಡೋದಿಲ್ಲ. ಕಾಲಿನ ಕೂದಲ ಮೇಲೆ ಹೊಸ ಮೊಟ್ಟೆ ಕಾಣೋದು ನಿಂತ ಮೇಲೆ ಔಷಧ ಹಾಕಬೇಕು. ಕಾಣೋ ಮೊಟ್ಟೆಗಳನ್ನ ಮೊಂಡು ಚಾಕುವಿನಿಂದ ಕೆರೆದು ತೆಗೆಯೋದಕ್ಕೆ ದುಡ್ಡೂ ಬೇಡ, ಡಾಕ್ಟ್ರೂ ಬೇಡ.

ಕುರಿ ಬಾಟ್ಲಿ, ಕುದುರೆ ಬಾಯಿ

ಅಂಗಡಿ ಮುಂದೆ ಈ ದಿನಗಳಲ್ಲಿ ಕೇಳಿಬರೋ ಪ್ರಶ್ನೆ ಒಂದೇ ಥರದ್ದು: “ಅಣ್ಣಾರ, ಕುರಿಗೆ ಹಾಕೂ ಔಷಧನ ಕುದ್ರಿಗೂ ನಡೀತದೇನ್ರಿ?” ಉತ್ತರವೂ ಒಂದೇ ಥರ: “ನಡೀತದ, ಸ್ವಲ್ಪ ಜಾಸ್ತಿ ಹಾಕ್ರಿ.”

ಈ “ಸ್ವಲ್ಪ ಜಾಸ್ತಿ”ಯಲ್ಲೇ ಎಲ್ಲ ಅನಾಹುತ ಇದೆ. ಲೆಕ್ಕ ಹಾಕಿ ನೋಡೋಣ. ಎದೆಸುತ್ತು 135 ಸೆಂ.ಮೀ., ಉದ್ದ 130 ಸೆಂ.ಮೀ. ಇರೋ ಒಂದು ತಟ್ಟು. ಎದೆಸುತ್ತನ್ನ ಎದೆಸುತ್ತಿನಿಂದಲೇ ಗುಣಿಸಿ, ಅದನ್ನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಬರುತ್ತೆ. ಈ ಕುದುರೆಯದು ಸುಮಾರು 200 ಕೆ.ಜಿ. (ಉದ್ದ ಅಂದರೆ ಭುಜದ ಮುಂದಿನ ಮೂಳೆಯಿಂದ ಪುಟ್ಟಿಯ ಹಿಂದಿನ ಮೂಳೆವರೆಗೆ. ಟೇಲರ್ ಟೇಪು ಸಾಕು.) ಐವರ್‌ಮೆಕ್ಟಿನ್ ಬೇಕಾಗೋದು ಒಂದು ಕೆ.ಜಿ. ತೂಕಕ್ಕೆ 0.2 ಮಿ.ಗ್ರಾಂ., ಅಂದರೆ ಒಟ್ಟು 40 ಮಿ.ಗ್ರಾಂ. ಕುರಿಗೆ ಕುಡಿಸೋ ಶೇ. 0.08ರ ದ್ರಾವಣದಲ್ಲಿ ಒಂದು ಮಿ.ಲೀ.ಗೆ ಇರೋದು 0.8 ಮಿ.ಗ್ರಾಂ. ಹಾಗಾದರೆ ಈ ಕುದುರೆಗೆ 50 ಮಿ.ಲೀ. ಬೇಕು. 30 ಕೆ.ಜಿ. ಕುರಿಗೆ ಏಳೂವರೆ ಮಿ.ಲೀ. ಸಾಕು. ಕುರಿಗೆ ಏಳೆಂಟು ಹಾಕಿದವರು ಕುದುರೆಗೆ “ಸ್ವಲ್ಪ ಜಾಸ್ತಿ” ಅಂತ 20 ಮಿ.ಲೀ. ಹಾಕ್ತಾರೆ ಅಂದುಕೊಳ್ಳಿ. ಅದು 80 ಕೆ.ಜಿ. ಪ್ರಾಣಿಯ ಡೋಸು. ಬೇಕಾದ್ದರಲ್ಲಿ ಅರ್ಧವೂ ಇಲ್ಲ.

ಅರ್ಧ ಡೋಸು ಅರ್ಧ ಕೆಲಸ ಮಾಡುತ್ತೆ ಅನ್ನೋ ನಂಬಿಕೆ ತಪ್ಪು. ದುರ್ಬಲ ಹುಳು ಸಾಯುತ್ತವೆ, ಗಟ್ಟಿ ಹುಳು ಉಳಿಯುತ್ತವೆ, ಆಮೇಲೆ ಹುಟ್ಟೋದೆಲ್ಲ ಆ ಗಟ್ಟಿ ಹುಳದ ಸಂತಾನ. ನಾಲ್ಕಾರು ವರ್ಷ ಹೀಗೇ ನಡೆದರೆ ಪೂರ್ತಿ ಡೋಸು ಹಾಕಿದರೂ ಔಷಧಕ್ಕೆ ಬಗ್ಗದ ಹುಳು ತಯಾರಾಗುತ್ತೆ. ಅಂಗಡಿಯವರನ್ನ ದೂರೋದು ಸುಲಭ. ಆದರೆ ಅವರ ಕೈಲಿರೋ ಡಬ್ಬಿ ಮೇಲೆ ಕುರಿ, ದನದ ಡೋಸು ಬರೆದಿರುತ್ತೆ, ಕುದುರೆಯದ್ದು ಇರೋದಿಲ್ಲ. ಕುದುರೆಗೆಂದೇ ಮಾಡಿದ ಪೇಸ್ಟು ರೇಸು ಕುದುರೆ ಇರೋ ದೊಡ್ಡ ಊರುಗಳ ಸರಕು.

ಕಡಿಮೆ ಡೋಸಿಗಿಂತ ಅಪಾಯದ ಇನ್ನೆರಡು ವಿಷಯ ಇವೆ. ದನಕ್ಕೆ ಚರ್ಮದ ಕೆಳಗೆ ಚುಚ್ಚೋ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನ ಕುದುರೆಗೆ ಚುಚ್ಚಬಾರದು. ಚುಚ್ಚಿದ ಜಾಗದಲ್ಲಿ ಬಾವು, ಕೆಲವೊಮ್ಮೆ ಜೀವಕ್ಕೇ ಮುಳುವಾಗೋ ಸೋಂಕು ಆಗುತ್ತೆ. ಕುದುರೆಗೆ ಯಾವತ್ತೂ ಬಾಯಿ ಮೂಲಕವೇ. ಕುರಿಗೆ ಧಾರಾಳವಾಗಿ ಬಳಸೋ ಲೆವಮಿಸೋಲ್ ಕುದುರೆಗೆ ಹೊಂದೋದಿಲ್ಲ. ಕೆಲಸ ಮಾಡೋ ಪ್ರಮಾಣಕ್ಕೂ ವಿಷ ಆಗೋ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆ. ಇದೇ ಸಂದರ್ಭದಲ್ಲಿ ಇನ್ನೊಂದು: ಕೋಳಿ, ದನದ ಕೆಲವು ತಯಾರಿ ಆಹಾರದಲ್ಲಿ ಬೆರೆಸೋ ಮೊನೆನ್ಸಿನ್ ಅನ್ನೋ ವಸ್ತು ಕುದುರೆಗೆ ಪ್ರಾಣಾಂತಕ. ಉಳಿದ ಕೋಳಿ ಫೀಡು ಕುದುರೆ ಮುಂದೆ ಸುರಿಯೋರು ಎಚ್ಚರ ಇರಬೇಕು. ಯಾವ ಔಷಧ, ಎಷ್ಟು ಅನ್ನೋದನ್ನ ಪಶುವೈದ್ಯರನ್ನ ಕೇಳಿಯೇ ಹಾಕಬೇಕು. ಹಿಂಡಿನ ಜೊತೆ ಅಡವಿಯಲ್ಲಿರೋರು 1962ಕ್ಕೆ ಫೋನು ಮಾಡಿ ಕೇಳಬಹುದು.

ಕುರಿಗಾರರ ರೂಢಿಯಲ್ಲೇ ಇರೋ ಔಷಧ

ಒಂದು ಮಾತು ಕುರಿಗಾರರ ಪರವಾಗಿ ಹೇಳಲೇಬೇಕು. ಊರೂರು ತಿರುಗೋ ಬದುಕು ಹುಳದ ವಿಷಯದಲ್ಲಿ ಬುದ್ಧಿವಂತ ಬದುಕು. ಇವತ್ತು ಒಬ್ಬರ ಹೊಲದಲ್ಲಿ ಕುರಿ ತರುಬಿದರೆ ನಾಲ್ಕು ದಿನಕ್ಕೆ ಇನ್ನೊಂದು ಊರು. ಲದ್ದಿ, ಹಿಕ್ಕೆ ಹಿಂದೆ ಉಳಿಯುತ್ತೆ, ಅದರಲ್ಲಿನ ಮೊಟ್ಟೆ ಮರಿಯಾಗೋ ಹೊತ್ತಿಗೆ ಹಿಂಡು ಅಲ್ಲಿ ಇರೋದಿಲ್ಲ. ಹೊಲದವರಿಗೆ ಗೊಬ್ಬರ, ಹಿಂಡಿಗೆ ಹೊಸ ಹುಲ್ಲು. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬರೋ ಹಿಂಡುಗಳಾಗಲಿ, ಇಲ್ಲಿಯವೇ ಆಗಲಿ, ನಡೆಯುತ್ತಿರೋವರೆಗೆ ಹುಳದ ಕಾಟ ಕಡಿಮೆ.

ಕುರಿಯ ಜೊತೆ ಕುದುರೆ ಮೇಯೋದೂ ಒಳ್ಳೆಯದೇ. ಕುರಿಯ ಹುಳು ಬೇರೆ, ಕುದುರೆಯ ಹುಳು ಬೇರೆ. ಕುರಿಯ ರಕ್ತ ಹೀರೋ ಜಂತುವಿನ ಮರಿಯನ್ನ ಕುದುರೆ ತಿಂದರೆ ಅದು ಅಲ್ಲೇ ನಾಶ, ಕುದುರೆಯದ್ದನ್ನ ಕುರಿ ತಿಂದರೂ ಹಾಗೇ. ಜಠರದಲ್ಲಿರೋ ಒಂದು ಸಣ್ಣ ಕೂದಲಿನಂಥ ಹುಳು ಮಾತ್ರ ಕುರಿ, ದನ, ಕುದುರೆ ಎಲ್ಲಕ್ಕೂ ಹೊಂದಿಕೊಳ್ಳುತ್ತೆ. ಅದೊಂದನ್ನ ಬಿಟ್ಟರೆ ಇವೆರಡೂ ಒಂದರ ಹುಲ್ಲನ್ನ ಇನ್ನೊಂದು ಸ್ವಚ್ಛ ಮಾಡಿಕೊಡೋ ಜೊತೆಗಾರರು.

ತೊಂದರೆ ಶುರುವಾಗೋದು ಹಿಂಡು ನಿಂತಾಗ. ಮಳೆಗಾಲದಲ್ಲಿ ಹೊಲಗಳಲ್ಲೆಲ್ಲ ಬೆಳೆ, ಕುರಿ ಬಿಡೋಕೆ ಜಾಗ ಇಲ್ಲ. ಇಲ್ಲೇ ಉಳಿಯೋ ಹಿಂಡುಗಳು ಗುಡ್ಡದ ಓರೆ, ಕೆರೆ ಅಂಗಳ, ರಸ್ತೆ ಬದಿ ಅಂತ ವಾರಗಟ್ಟಲೆ ಒಂದೇ ಕಡೆ. ಕುದುರೆಗೆ ಆ ದಿನಗಳಲ್ಲಿ ಹೊರೆ ಇಲ್ಲ, ಹಾಗಾಗಿ ಮುಂಗಾಲಿಗೆ ಹಗ್ಗ ಕಟ್ಟಿಯೋ, ಗೂಟಕ್ಕೆ ಕಟ್ಟಿಯೋ ಬಿಟ್ಟುಬಿಡ್ತಾರೆ. ಬಯಲಲ್ಲಿ ಸ್ವತಂತ್ರವಾಗಿರೋ ಕುದುರೆ ತನ್ನ ಲದ್ದಿ ಬಿದ್ದ ಕಡೆ ಮೇಯೋದಿಲ್ಲ, ಅದು ಅದರ ಸ್ವಭಾವ. ಗೂಟಕ್ಕೆ ಕಟ್ಟಿದ ಕುದುರೆಗೆ ಆರಿಸೋ ಅವಕಾಶ ಎಲ್ಲಿ? ತನ್ನ ಲದ್ದಿಯ ಸುತ್ತಲಿನ ಹುಲ್ಲನ್ನೇ ತಿನ್ನುತ್ತೆ. ಅದೇ ಹುಳು ಬೆಳೆಯೋ ಹಂಗಾಮು, ಅದೇ ಜಾಗ. ಮೂರು ನಾಲ್ಕು ದಿನಕ್ಕೊಮ್ಮೆ ಗೂಟ ಬದಲಿಸಿ, ಲದ್ದಿ ಎತ್ತಿ ತಿಪ್ಪೆಗೆ ಹಾಕಿದರೆ ಒಂದು ಬಾಟ್ಲಿ ಔಷಧದಷ್ಟೇ ಕೆಲಸ ಆಗುತ್ತೆ. ತಿಪ್ಪೆಯ ಕಾವಿಗೆ ಮೊಟ್ಟೆ, ಮರಿ ಸಾಯುತ್ತವೆ. ಹಸಿ ಲದ್ದಿಯನ್ನ ಹುಲ್ಲಿನ ಮೇಲೆ ಹರಡಬಾರದು.

ಮರಿ ಕುದುರೆಯ ಲೆಕ್ಕ ಬೇರೆ. ಅದನ್ನ ಕಾಡೋದು ಉದ್ದನೆಯ ಬಿಳಿ ದುಂಡುಹುಳು. ಇದರ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತೆ, ಮಳೆ ನಕ್ಷತ್ರ ಕಾಯೋದಿಲ್ಲ. ಹಾಗಾಗಿ ಮರಿಗೆ ವಯಸ್ಸಿನ ಮೇಲೆ ಡೋಸು, ಎರಡು ಮೂರು ತಿಂಗಳಿಗೇ ಮೊದಲನೆಯದು. ಹೊಟ್ಟೆ ಉಬ್ಬಿ, ಕೂದಲು ಒರಟಾಗಿ, ತುಂಬಾ ಹುಳು ಇರೋ ಹಾಗೆ ಕಾಣೋ ಮರಿಗೆ ಮಾತ್ರ ಸ್ವಂತವಾಗಿ ಔಷಧ ಹಾಕಬಾರದು. ಹುಳುಗಳೆಲ್ಲ ಒಮ್ಮೆಲೇ ಸತ್ತರೆ ಕರುಳೇ ಕಟ್ಟಿಹೋಗಬಹುದು.

ಕುರಿಗಳ ಬಗ್ಗೆ ಹೇಳದೆ ಮುಂದೆ ಹೋದರೆ ಕುರಿಗಾರರು ಬಿಡೋದಿಲ್ಲ. ಕುರಿಯ ರಕ್ತ ಹೀರೋ ಜಂತು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕುಡಿಯುತ್ತೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿ.ಲೀ., ಒಂದು ಸಣ್ಣ ಚಹಾ ಲೋಟದಷ್ಟು. ಕೆಳಗಿನ ಕಣ್ಣುರೆಪ್ಪೆ ಬಿಡಿಸಿ ನೋಡಿ, ಕೆಂಪಗಿದ್ದರೆ ಆ ಕುರಿಗೆ ಔಷಧ ಬೇಡ, ಬಿಳಿಚಿಕೊಂಡಿದ್ದರೆ ಬೇಕು. ಗದ್ದದ ಕೆಳಗೆ ನೀರು ತುಂಬಿದ್ದರೆ ತಡ ಮಾಡಬಾರದು. ಗಟ್ಟಿಮುಟ್ಟಾದ ಕೆಲವು ಕುರಿಗಳನ್ನ ಔಷಧ ಹಾಕದೆ ಬಿಡೋದೂ ಬೇಕು, ಔಷಧಕ್ಕೆ ಬಗ್ಗೋ ಹುಳು ಹಿಂಡಿನಲ್ಲಿ ಉಳಿದಿರಲಿ ಅಂತ. ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ. ಹಾನಗಲ್ ಗದ್ದೆ ಬಯಲಲ್ಲಿ ಮೇಯೋ ಕುರಿಗೆ ಬಸವನಹುಳದಿಂದ ಬರೋ ಯಕೃತ್ತಿನ ಚಪ್ಪಟೆ ಹುಳಕ್ಕೆ ಬೇರೆಯದೇ ಔಷಧ ಬೇಕು, ದುಂಡುಹುಳದ ಎಲ್ಲ ಔಷಧ ಅದಕ್ಕೆ ತಾಕೋದಿಲ್ಲ.

ಲದ್ದಿ ನೋಡದೆ ಔಷಧ ಯಾಕೆ?

ಎರಡು ತಿಂಗಳಿಗೊಮ್ಮೆ ಎಲ್ಲ ಕುದುರೆಗೂ ಹಾಕಿಬಿಡಿ ಅನ್ನೋ ಸಲಹೆ ಹಳೆಯದು. 1966ರಲ್ಲಿ ಅಮೆರಿಕದ ಕೆಂಟಕಿಯ ಡ್ರಜ್ ಮತ್ತು ಲಯನ್ಸ್ ಅನ್ನೋ ವಿಜ್ಞಾನಿಗಳು ಹೇಳಿದ ಕ್ರಮ ಅದು. ಆಗ ಕಾಡುತ್ತಿದ್ದ ದೊಡ್ಡ ಕೆಂಪುಹುಳು, ರಕ್ತನಾಳಕ್ಕೇ ನುಗ್ಗಿ ಶೂಲೆ ಬರಿಸೋ ಜಾತಿ, ಅದರಿಂದ ನಿಜಕ್ಕೂ ಕಡಿಮೆಯಾಯಿತು. ಆದರೆ ದಶಕಗಟ್ಟಲೆ ಕಣ್ಣುಮುಚ್ಚಿ ಹಾಕಿದ್ದರಿಂದ ಸಣ್ಣ ಕೆಂಪುಹುಳು ಒಂದೊಂದೇ ಔಷಧಕ್ಕೆ ಬಗ್ಗದ ಹಾಗಾಯಿತು. ಡೆನ್ಮಾರ್ಕ್ 1999ರಲ್ಲೇ ಪಶುವೈದ್ಯರ ಚೀಟಿ ಇಲ್ಲದೆ ಹುಳದ ಔಷಧ ಕೊಡಬಾರದು ಅಂತ ನಿಯಮ ಮಾಡಿತು. ಈಗ ಹೆಚ್ಚಿನ ಕಡೆ ಒಪ್ಪಿರೋದು ಮೊದಲು ಲದ್ದಿ ಪರೀಕ್ಷೆ, ಆಮೇಲೆ ಔಷಧ. ಕುದುರೆಗಳಲ್ಲಿ ನೂರಕ್ಕೆ ಇಪ್ಪತ್ತು ಮಾತ್ರ ಒಟ್ಟು ಮೊಟ್ಟೆಯಲ್ಲಿ ಎಂಬತ್ತು ಪಾಲು ಚೆಲ್ಲುತ್ತವೆ ಅನ್ನೋದು ತಿಳಿದ ಮೇಲೆ ಎಲ್ಲಕ್ಕೂ ಒಂದೇ ಥರ ಹಾಕೋದರಲ್ಲಿ ಅರ್ಥ ಇಲ್ಲ.

ಪರೀಕ್ಷೆ ದುಬಾರಿಯೂ ಅಲ್ಲ. ಕೆಲವು ಗ್ರಾಂ ತಾಜಾ ಲದ್ದಿ, ಗಟ್ಟಿ ಉಪ್ಪುನೀರು, ಗೆರೆ ಇರೋ ಒಂದು ಸ್ಲೈಡು, ಒಂದು ಸೂಕ್ಷ್ಮದರ್ಶಕ. ಉಪ್ಪುನೀರಲ್ಲಿ ಮೊಟ್ಟೆ ತೇಲುತ್ತೆ, ಎಣಿಸೋದು. ಬೆಳೆದ ಕುದುರೆಯ ಒಂದು ಗ್ರಾಂ ಲದ್ದಿಯಲ್ಲಿ ಇನ್ನೂರಕ್ಕಿಂತ ಕಡಿಮೆ ಮೊಟ್ಟೆ ಇದ್ದರೆ ಮಳೆಗಾಲದ ನಡುವೆ ಔಷಧ ಬೇಕಾಗೋದಿಲ್ಲ. ಹಾಕಿದ್ದರೆ ಹದಿನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿದರೆ ಔಷಧ ಕೆಲಸ ಮಾಡಿದೆಯೋ ಇಲ್ಲವೋ ಗೊತ್ತಾಗುತ್ತೆ. ನೂರರಲ್ಲಿ ತೊಂಬತ್ತು ಪಾಲೂ ಇಳಿಯದಿದ್ದರೆ ಆ ಔಷಧ ಬದಲಿಸಬೇಕು. ಕುರಿಗಾರರು ದವಾಖಾನೆಗೆ ಬರುವಾಗ ಬೆಳಗಿನ ಲದ್ದಿಯನ್ನ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ತಂದರೆ ಸಾಕು, ಕುದುರೆಯನ್ನೇ ಹೊಡೆದುಕೊಂಡು ಬರಬೇಕಿಲ್ಲ.

ಪಶುಪಾಲನೆ ಇಲಾಖೆಗೆ ಇದು ಹೊಸ ಯೋಜನೆ ಬೇಡೋ ಕೆಲಸ ಅಲ್ಲ. ಲಸಿಕೆ ಸುತ್ತಿಗೆ ಹಟ್ಟಿಗೆ ಹೋದ ಸಿಬ್ಬಂದಿ ಅಲ್ಲೇ ಕಟ್ಟಿರೋ ಕುದುರೆಯ ಎದೆಸುತ್ತು ಅಳೆದು, ಲದ್ದಿ ಮಾದರಿ ತರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ ಎಣಿಕೆಗೆ ಅಂತ ಇಟ್ಟರೆ ಕುರಿ, ದನಕ್ಕೂ ಅದೇ ಉಪಯೋಗ. ಇಲ್ಲಿ ಅಡ್ಡಿ ಒಂದಿದೆ, ಒಪ್ಪಿಕೊಳ್ಳಬೇಕು: ತಿರುಗೋ ಹಿಂಡು ಇವತ್ತು ಹಿರೇಕೆರೂರಿನಲ್ಲಿ, ಹದಿನಾಲ್ಕು ದಿನಕ್ಕೆ ಶಿಗ್ಗಾಂವದಲ್ಲಿ. ಎರಡನೇ ಲದ್ದಿ ಯಾರು ನೋಡಬೇಕು? ಕುರಿಗಾರರ ಕೈಗೇ ಒಂದು ಚೀಟಿ ಕೊಟ್ಟು, ಯಾವ ಔಷಧ, ಎಷ್ಟು ಮಿ.ಲೀ., ಯಾವ ದಿನ ಅಂತ ಬರೆದರೆ ಮುಂದಿನ ತಾಲ್ಲೂಕಿನ ಡಾಕ್ಟ್ರು ಅಲ್ಲಿಂದ ಮುಂದುವರಿಸಬಹುದು. ಓದು ಬಾರದವರಾದರೆ ಬಾಟ್ಲಿಯ ಫೋಟೋ ಮೊಬೈಲಿನಲ್ಲಿ ಇದ್ದರೂ ನಡೆಯುತ್ತೆ.

ಕೊಬ್ಬರಿ ಹೋರಿಗೆ ಹುರಳಿ, ಹಿಂಡಿ ಹಾಕಿ, ತಿಂಗಳು ಎಣಿಸಿ ಔಷಧ ಕುಡಿಸೋ ಜಿಲ್ಲೆ ಇದು. ಪ್ರಾಣಿ ಸಾಕೋ ಜ್ಞಾನಕ್ಕೆ ಇಲ್ಲಿ ಬರ ಇಲ್ಲ. ಮಳೆಗಾಲ ಕಳೆದು ಹೊಲಗಳು ಖಾಲಿಯಾದ ಮೇಲೆ ಹಿಂಡುಗಳು ಮತ್ತೆ ಹೊರಡುತ್ತವೆ, ತಟ್ಟುಗಳ ಬೆನ್ನಿಗೆ ಮತ್ತೆ ಹೊರೆ ಬೀಳುತ್ತೆ. ಮಿರಗಕ್ಕೆ ಮೊದಲು ಡೋಸು ತಪ್ಪಿದವರು ಈಗ ಅವಸರ ಮಾಡಿ ಅರೆಬರೆ ಹಾಕೋದು ಬೇಡ. ಆರಿದ್ರಾ ಮುಗಿಯೋದರೊಳಗೆ ಲದ್ದಿ ತೋರಿಸಿ, ತೂಕ ಅಳೆಸಿ, ಪೂರ್ತಿ ಡೋಸು ಹಾಕಿಸಿ, ಅವತ್ತೇ ಗೂಟದ ಜಾಗವನ್ನೂ ಬದಲಿಸಬೇಕು.